ಗಾದಿಲಿಂಗಪ್ಪನ ಅಣಕದ ಬಿಲ್ಲೆಗಳು

ಬಳ್ಳಾರಿಯಲ್ಲಿ ಗಾದಿಲಿಂಗಪ್ಪ ಎಂಬ ಸಾಹುಕಾರನಿದ್ದ. ಜೀನ್ಸ್ ಪ್ಯಾಂಟು ಹೊಲಿಸುವ ಕಾರ್ಖಾನೆ ಅವನದು. ಹೆಂಡತಿ ತೀರಿಕೊಂಡಿದ್ದಳು. ನೀಲಾಂಬಿಕೆ ಎಂಬ ಒಬ್ಬಳೇ ಮಗಳು. ಕೆಲಸದವರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುತ್ತಿದ್ದ, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದ, ಯಾರಾದರೂ ಹಾಸಿಗೆ ಹಿಡಿದರೆ ಔಷಧಿ ಕೊಡಿಸುತ್ತಿದ್ದ. ಇಷ್ಟೆಲ್ಲ ಒಳ್ಳೆಯತನ ಕೊಟ್ಟ ದೇವರು ಅವನ ಬಾಯಲ್ಲಿ ನಾಲಿಗೆ ಇಡುವಾಗ ಮಾತ್ರ ಎತ್ತಲೋ ನೋಡುತ್ತಿದ್ದ ಅಂತ ಕಾಣುತ್ತೆ. ಎಲುಬಿಲ್ಲದ ನಾಲಿಗೆ ಎಲ್ಲರಿಗೂ ಇರುತ್ತದೆ ಬಿಡಿ. ಇವನದಕ್ಕೆ ಲಗಾಮೂ ಇರಲಿಲ್ಲ.

ಅವನಿಗೊಂದು ಹುಚ್ಚಿತ್ತು. ಹಳೇ ಇಂಗ್ಲೆಂಡಿನ ತಾಮ್ರದ ಬಿಲ್ಲೆಗಳನ್ನು ಕೂಡಿಡುವ ಹುಚ್ಚು. ಸರ್ಕಾರದ ನಾಣ್ಯವಲ್ಲ, ಜನರೇ ಹೊಡೆಸಿಕೊಂಡ ಬಿಲ್ಲೆ. ಇನ್ನೂರು ವರ್ಷಕ್ಕೂ ಹಿಂದೆ ಆ ದೇಶದಲ್ಲಿ ಚಿಲ್ಲರೆಗೆ ಬರ ಬಂದಾಗ ಅಂಗಡಿಯವರು ತಾವೇ ಇಂಥವನ್ನು ಅಚ್ಚು ಹಾಕಿಸಿ ಚಲಾಯಿಸುತ್ತಿದ್ದರು. ಅವರಲ್ಲೇ ಕೆಲವರು ಎದೆಗಾರರು, ರಾಜನನ್ನೂ ಮಂತ್ರಿಯನ್ನೂ ಅಣಕಿಸುವ ಚಿತ್ರ ಕೆತ್ತಿಸಿಬಿಟ್ಟರು. ಒಂದರಲ್ಲಿ ಗಲ್ಲಿಗೆ ನೇತುಬಿದ್ದ ಮನುಷ್ಯ. ಒಂದರಲ್ಲಿ ಕಿರೀಟ ತುಳಿಯುತ್ತಿರುವ ಹಂದಿ. ಒಂದರಲ್ಲಿ ಎರಡು ಪಟ್ಟು ಹೊರೆ ಹೊತ್ತ ಕತ್ತೆ. ಇನ್ನೊಂದರಲ್ಲಿ ಕೈ ಹಿಂದಕ್ಕೆ ಕಟ್ಟಿ, ತುಟಿಗೆ ಬೀಗ ಜಡಿದು ನಿಲ್ಲಿಸಿದ ಒಬ್ಬ ಮನುಷ್ಯ. ಕಂಟೋನ್ಮೆಂಟಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ ಫ್ಲೋರಾ ಎಂಬ ಮುದುಕಿ ಇವನ್ನೆಲ್ಲ ಒಂದೊಂದಾಗಿ ಅವನಿಗೆ ಮಾರಿದ್ದಳು. ನೀಲಿ ಮಖಮಲ್ಲು ಹಾಸಿದ ತಟ್ಟೆಯಲ್ಲಿ ಅವನ್ನು ಜೋಡಿಸಿಟ್ಟು ಗಾದಿಲಿಂಗಪ್ಪ ಹಗಲೆಲ್ಲ ನೋಡಿದರೂ ದಣಿಯುತ್ತಿರಲಿಲ್ಲ.

ಬಿಲ್ಲೆ ಕೂಡಿಡುವವರು ಗುರುತಿಗಾಗಿ ಪ್ರತಿಯೊಂದಕ್ಕೂ ನಂಬರು ಕೊಡುತ್ತಾರೆ. ನಮ್ಮ ಸಾಹುಕಾರನಿಗೆ ನಂಬರು ನೆನಪಿರುತ್ತಿರಲಿಲ್ಲ, ಬಿಲ್ಲೆಯ ಮೇಲಿನ ಇಂಗ್ಲಿಷೂ ತಿಳಿಯುತ್ತಿರಲಿಲ್ಲ. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡ. ಒಂದೊಂದು ಬಿಲ್ಲೆಗೂ ತನ್ನ ಕಾರ್ಖಾನೆಯ ಒಬ್ಬೊಬ್ಬರ ಹೆಸರಿಡಲು ಶುರು ಮಾಡಿದ. ಎಂಥ ಉಪಾಯ ನೋಡಿ!

ಅಮಾವಾಸ್ಯೆ ಬಂದರೆ ಬಳ್ಳಾರಿಯ ಕಾರ್ಖಾನೆಗಳಲ್ಲಿ ಮಶೀನು ನಿಲ್ಲಿಸಿ ಪೂಜೆ ಮಾಡುತ್ತಾರೆ. ಕುಂಬಳಕಾಯಿ ಒಡೆದು, ಮಂಡಕ್ಕಿ ಮಿರ್ಚಿ ಹಂಚುತ್ತಾರೆ. ಅವತ್ತು ಗಾದಿಲಿಂಗಪ್ಪನ ಸರೀಕರು, ಬೇರೆ ಬೇರೆ ಕಾರ್ಖಾನೆಯ ಮಾಲೀಕರು, ಊಟಕ್ಕೆ ಬರುತ್ತಿದ್ದರು. ಊಟವಾದ ಮೇಲೆ ತಟ್ಟೆ ಹೊರಗೆ ಬರುತ್ತಿತ್ತು. ಕೆಲಸದವರು ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದು ಅಲ್ಲೇ ನಿಂತಿರುತ್ತಿದ್ದರು.

"ಇದು ಯಾರು ಗೊತ್ತೇನ್ರೋ? ನಮ್ಮ ಮಾಬುಸಾಬ" ಎಂದು ಗಲ್ಲಿನ ಬಿಲ್ಲೆ ಎತ್ತಿ ತೋರಿಸಿದ ಒಂದು ಅಮಾವಾಸ್ಯೆ. ಮಾಬುಸಾಬ ಜಿಪ್ಪು ಕೂಡಿಸುವವನು. ವರ್ಷಾನುಗಟ್ಟಲೆ ಮಶೀನಿಗೆ ಬಗ್ಗಿ ಬಗ್ಗಿ ಅವನ ಕುತ್ತಿಗೆ ಒಂದು ಕಡೆಗೆ ವಾಲಿತ್ತು. "ನೋಡ್ರಿ, ಕುತ್ತಿಗಿ ಹೆಂಗೆ ವಾಲೈತಿ! ಹಗ್ಗ ಒಂದು ಕಮ್ಮಿ ಅಷ್ಟ."

ಸಾಹುಕಾರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಬುಸಾಬನೂ ನಕ್ಕ. ನಗದೆ ಏನು ಮಾಡಿಯಾನು? ಅನ್ನ ಹಾಕುವವನು ನಗಿಸಿದರೆ ನಗಲೇಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪ ತಟ್ಟೆ ತೆಗೆದು ನೋಡುತ್ತಾನೆ, ಗಲ್ಲುಗಂಬ ಇದೆ, ನೇತಾಡುವ ಮನುಷ್ಯನಿಲ್ಲ. ಹಗ್ಗದ ಒಂದು ತುಂಡು ಕಂಬದಿಂದ ಇಳಿದಿದೆ, ಕೆಳಗಿನ ಕುಣಿಕೆಯಿಲ್ಲ. ಯಾರೋ ಬಿಲ್ಲೆ ಬದಲಾಯಿಸಿದ್ದಾರೆ ಎಂದುಕೊಂಡ. ಅಂಚಿನಲ್ಲಿ ಅವನಿಗೆ ಗೊತ್ತಿದ್ದ ಒಂದು ಸಣ್ಣ ಕಚ್ಚು ಇತ್ತು. ಬೆರಳಾಡಿಸಿ ನೋಡಿದರೆ ಕಚ್ಚು ಅಲ್ಲೇ ಇದೆ. ಸುತ್ತಲಿನ ಅಕ್ಷರವೂ ಇದೆ. ಉಜ್ಜಿದ ಗುರುತಿಲ್ಲ. ಮನುಷ್ಯ ಮಾತ್ರ ಇಳಿದು ಎದ್ದುಹೋದಂತಿತ್ತು.

ಅವತ್ತು ಮಾಬುಸಾಬ ಕೆಲಸಕ್ಕೆ ಬಂದ. ಕುತ್ತಿಗೆಗೆ ಟವೆಲು ಸುತ್ತಿಕೊಂಡಿದ್ದ.

"ಏನಾತೋ?" ಎಂದ ಸಾಹುಕಾರ.

"ಏನಿಲ್ರೀ. ಯಾರೋ ಹಿಂದಿನಿಂದ ಜಗ್ಗಿದಂಗ ಆಗತೈತಿ" ಎಂದ ಮಾಬುಸಾಬ. ದನಿ ಕೀರಲಾಗಿತ್ತು. ಟವೆಲಿನ ಕೆಳಗೆ ಒಂದು ಕೆಂಪು ಗೆರೆ ಸುತ್ತು ಹಾಕಿತ್ತು.

ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ ಎಂದು ಹೇಳಿ ಗಾದಿಲಿಂಗಪ್ಪ ಒಳಗೆ ಹೋದ. ಆದರೂ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತ್ತು. ಆ ಹುಳ ಕೊರೆಯುವಾಗಲೇ ಬುದ್ಧಿ ಬಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ!

ಮುಂದಿನ ಅಮಾವಾಸ್ಯೆಗೆ ಹಂದಿಯ ಬಿಲ್ಲೆಗೆ ತಿಮ್ಮಕ್ಕನ ಹೆಸರು ಬಿತ್ತು. ತಿಮ್ಮಕ್ಕ ದಾರದ ತುದಿ ಕತ್ತರಿಸುವವಳು, ಸ್ವಲ್ಪ ದಪ್ಪನೆಯ ಹೆಂಗಸು. ಅದರ ಮುಂದಿನ ಸಲ ಕತ್ತೆಯ ಬಿಲ್ಲೆ ಎರ್ರಿಸ್ವಾಮಿಯ ಪಾಲಿಗೆ ಬಂತು. ಅವನು ಪ್ಯಾಂಟಿನ ಗಂಟು ಹೊರುವ ಹಮಾಲಿ. ನಗೆಯ ಮೇಲೆ ನಗೆ. ಎರಡು ಸಲವೂ ಮರುದಿನ ನೋಡಿದರೆ, ಒಂದರಲ್ಲಿ ಕಿರೀಟವೊಂದೇ ನೆಲದ ಮೇಲೆ ಬಿದ್ದಿದೆ, ತುಳಿಯುವ ಹಂದಿಯಿಲ್ಲ. ಮತ್ತೊಂದರಲ್ಲಿ ಕತ್ತೆಯೂ ಇಲ್ಲ, ಹೊರೆಯೂ ಇಲ್ಲ, ಬರೀ ನೆಲದ ಗೆರೆ.

ಇತ್ತ ತಿಮ್ಮಕ್ಕ ಜನರೆದುರು ಉಣ್ಣುವುದನ್ನೇ ಬಿಟ್ಟಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಡಬ್ಬಿಯನ್ನು ನೆಲದ ಮೇಲಿಟ್ಟು, ತಲೆ ಬಗ್ಗಿಸಿ ಗಬಗಬನೆ ತಿಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಎರ್ರಿಸ್ವಾಮಿ ಗಂಟು ಇಳಿಸಿದ ಮೇಲೂ ಬೆನ್ನು ನೆಟ್ಟಗೆ ಮಾಡುತ್ತಿರಲಿಲ್ಲ. ಬಿಸಿಲು ಧಗಧಗ ಉರಿಯುವ ನಡುಮಧ್ಯಾಹ್ನ, ಕರೆಂಟು ಹೋಗಿ ಮಶೀನುಗಳೆಲ್ಲ ತೆಪ್ಪಗಾದಾಗ, ಅಂಗಳದಲ್ಲಿ ಟಕ ಟಕ ಟಕ ಎಂದು ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಗಾದಿಲಿಂಗಪ್ಪ ಕಿಟಕಿಯಿಂದ ಇಣುಕಿದರೆ, ಎರ್ರಿಸ್ವಾಮಿ ಬರಿಬೆನ್ನನ್ನು ಬಗ್ಗಿಸಿಕೊಂಡು ಒಬ್ಬನೇ ಅಂಗಳ ಸುತ್ತುತ್ತಿದ್ದ. ಬರಿಗಾಲಿನಲ್ಲಿದ್ದ.

"ಎರ್ರಿಸ್ವಾಮೀ!" ಎಂದು ಕೂಗಿದ. ಅವನು ತಿರುಗಿ ನೋಡಲಿಲ್ಲ. ತನ್ನ ಹೆಸರು ಅದೇ ಎಂಬುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಗಾದಿಲಿಂಗಪ್ಪ ಕಿಟಕಿ ಮುಚ್ಚಿಬಿಟ್ಟ.

ಆಮೇಲೆ ಬಂದ ಅಮಾವಾಸ್ಯೆಗೆ ತಟ್ಟೆಯನ್ನು ಹೊರಗೆ ತೆಗೆಯುವುದೇ ಬೇಡ ಎಂದು ಅವನು ಗಟ್ಟಿ ಮನಸ್ಸು ಮಾಡಿದ್ದ. ಸರೀಕರು ಬಿಡಬೇಕಲ್ಲ? "ಏನಪಾ ಗಾದಿಲಿಂಗಪ್ಪ, ಈ ಸಲ ಯಾರ ಮದುವಿ ಮಾಡತೀ?" ಎಂದು ಕೆಣಕಿದರು. ನಾಲಿಗೆ ತುರಿಸಿತು. ತಟ್ಟೆ ಬಂತು. ಖಾಲಿಯಾದ ಬಿಲ್ಲೆಗಳ ಮೇಲೆ ಕರವಸ್ತ್ರ ಮುಚ್ಚಿ, ಬೀಗದ ಬಾಯಿಯ ಬಿಲ್ಲೆ ಎತ್ತಿಕೊಂಡ. ಯಾರ ಹೆಸರು ಹೇಳಲಿ ಎಂದು ಕೆಲಸದವರ ಸಾಲಿನ ಮೇಲೆ ಕಣ್ಣಾಡಿಸಿದ. ಒಬ್ಬೊಬ್ಬರೂ ತಲೆ ತಗ್ಗಿಸಿದರು.

ಆಗ ನೀಲಾಂಬಿಕೆ ಅಡುಗೆಮನೆಯಿಂದ ಬಂದು ಎಲ್ಲರ ಮುಂದೆ ನಿಂತಳು. "ಅಪ್ಪಾ, ಸಾಕು ಮಾಡು. ಇವರು ನಮ್ಮ ಮನಿ ಅನ್ನ ತಿಂತಾರಂತ ನೀ ಇವರನ್ನ ತಿನ್ನಬ್ಯಾಡ. ಮಾಬೂ ಕಾಕಾನ ಮುಖ ಒಮ್ಮಿ ನೋಡು."

ಸರೀಕರ ಮುಂದೆ ಮಗಳು ಎದುರು ಮಾತಾಡಿದ್ದು! ಗಾದಿಲಿಂಗಪ್ಪನ ಮುಖ ಕೆಂಪಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ಆ ಮಾತು ಆ ಹೊತ್ತಿಗೆ ಅವನಿಗೆಲ್ಲಿ ನೆನಪಾಗಬೇಕು! ಬಿಲ್ಲೆಯನ್ನು ಮಗಳ ಮುಖಕ್ಕೆ ಹಿಡಿದ.

"ಇಗಾ, ಇವತ್ತಿನ ಹೆಸರು ಸಿಕ್ತು. ಇದು ನಮ್ಮ ನೀಲವ್ವ. ಬಾಯಿಗೆ ಬೀಗ ಹಾಕ್ಕೊಂಡು ಬಿದ್ದಿರು!"

ಅಂದದ್ದೇ ತಡ, ಎಲ್ಲೋ ಸಣ್ಣಗೆ 'ಟಕ್' ಎಂದಿತು. ಮಗಳು ಏನೋ ಹೇಳಲು ಬಾಯಿ ತೆರೆದಳು. ತುಟಿ ಅಲುಗಿತು, ದನಿ ಬರಲಿಲ್ಲ. ಗಂಟಲಿನಿಂದ ಮತ್ತೆ ಅದೇ ಸಪ್ಪಳ, ಟಕ್. ಹಳೇ ಬೀಗದೊಳಗೆ ತಪ್ಪು ಚಾವಿ ತಿರುವಿದಾಗ ಬರುತ್ತದಲ್ಲ, ಅಂಥದು. ಕೈಗಳು ತಾವಾಗಿ ಬೆನ್ನ ಹಿಂದಕ್ಕೆ ಹೋಗಿ ಒಂದಕ್ಕೊಂದು ಹೆಣೆದುಕೊಂಡವು. ಅವಳು ಅಪ್ಪನನ್ನೇ ನೋಡುತ್ತ ನಿಂತಳು. ಆ ಸಲ ಯಾರೂ ನಗಲಿಲ್ಲ. ಸರೀಕರು ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು.

ಗಾದಿಲಿಂಗಪ್ಪ ತಟ್ಟೆ ನೋಡಿದ. ಬೀಗದ ಮನುಷ್ಯನಿದ್ದ ಜಾಗ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಅವನ ಎದೆ ಒಡೆದುಹೋಯಿತು.

ಆಸ್ಪತ್ರೆಗೆ ಓಡಿಸಿದ. ಗಂಟಲಲ್ಲಿ ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದರು. ಹರಕೆ ಹೊತ್ತ, ತಾಯತ ಕಟ್ಟಿಸಿದ. ಮಗಳು ನೀರು ಬೇಕೆಂದರೂ ಕಣ್ಣಿನಿಂದಲೇ ಕೇಳಬೇಕು. ಮನೆ ತುಂಬ ಮಾತಾಡುತ್ತಿದ್ದ ಹುಡುಗಿ, ಅಪ್ಪನ ಬಿಪಿ ಮಾತ್ರೆಯಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನ ಮರಿಯವರೆಗೆ ಎಲ್ಲ ವರದಿ ಒಪ್ಪಿಸುತ್ತಿದ್ದವಳು. ಈಗ ಮನೆಯಲ್ಲಿ ಕೇಳುವುದು ಒಂದೇ ಸಪ್ಪಳ, ಟಕ್, ಟಕ್. ಅವಳು ಮಾತಾಡಲು ಮಾಡಿದ ಪ್ರಯತ್ನ ಅದು ಎಂದು ಅವನಿಗೆ ಗೊತ್ತಿತ್ತು. ಒಂದೊಂದು ಟಕ್ಕೂ ಅವನ ಕರುಳಿಗೆ ಚುಚ್ಚುತ್ತಿತ್ತು.

ಕೊನೆಗೆ ತಟ್ಟೆ ಹೊತ್ತುಕೊಂಡು ಫ್ಲೋರಾಳ ಅಂಗಡಿಗೆ ಹೋದ. ಮುದುಕಿ ಕನ್ನಡಕ ಏರಿಸಿ ಖಾಲಿ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದಳು.

"ಏನು ಮಾಡಿದಿ ಇವಕ್ಕ?"

ಅವನು ಎಲ್ಲ ಹೇಳಿದ. ಮುದುಕಿ ಬಿಲ್ಲೆಗಳನ್ನು ಮತ್ತೊಮ್ಮೆ ತಿರುವಿ ನೋಡಿದಳು. ಆಮೇಲೆ ನುಣ್ಣಗಿನ ಬಿಲ್ಲೆಯ ಅಂಚಿನ ಅಕ್ಷರದ ಮೇಲೆ ಉಗುರಿಟ್ಟಳು.

"ಇಲ್ಲಿ ಏನು ಬರದೈತಿ ಗೊತ್ತೇನು? ಸ್ವತಂತ್ರವಾಗಿ ಹುಟ್ಟಿದ ಮನುಷ್ಯ ಅಂತ. ಬಾಯಿಗೆ ಬೀಗ ಹಾಕಿದವರಿಗೆ ಮುಖದ ಮ್ಯಾಲೆ ಹೊಡದಂಗ ಹೇಳಾಕ ಇದನ್ನ ಮಾಡಿದ್ರು. ನೀನು ಇದೇ ಬಿಲ್ಲಿ ಹಿಡಕೊಂಡು ಮಗಳ ಬಾಯಿಗೆ ಬೀಗ ಹಾಕಿದಿ."

"ಹಂದಿ, ಕತ್ತಿ ಅಂದ್ರ ಆ ದೊಡ್ಡವರೇನು?"

"ಅಲ್ಲ. ಆ ಕಾಲದ ದೊಡ್ಡ ಮಂದಿ ಬಡವರನ್ನ ಹಂದಿ ಅಂತ ಕರದ್ರು. ಬಡವರು ಏನ್ ಮಾಡಿದ್ರು? ಹೌದು, ನಾವು ಹಂದೀನ, ನೋಡು ನಿನ್ನ ಕಿರೀಟ ಹೆಂಗ ತುಳೀತೀವಿ ಅಂದ್ರು. ತಾವೇ ಎತ್ತಿ ತಮ್ಮ ತಲಿ ಮ್ಯಾಲೆ ಇಟ್ಕೊಂಡ ಹೆಸರು ಯಾರನ್ನೂ ಕಚ್ಚಂಗಿಲ್ಲ. ಇನ್ನೊಬ್ಬರ ಮ್ಯಾಲೆ ಒಗದದ್ದು ಕಚ್ಚತೈತಿ. ನೀನು ಒಗದಿ."

"ಬಿಡಿಸೋದು ಹೆಂಗವ್ವಾ?"

"ನನಗ ಗೊತ್ತಿಲ್ಲಪ್ಪ. ಒಗದವನಿಗೇ ಗೊತ್ತಿರಬೇಕು" ಎಂದು ಮುದುಕಿ ತಟ್ಟೆಯನ್ನು ಅವನ ಕಡೆ ತಳ್ಳಿದಳು.

ಮನೆಗೆ ಬಂದು ಗಾದಿಲಿಂಗಪ್ಪ ಕೋಣೆಯ ಬಾಗಿಲು ಹಾಕಿಕೊಂಡ. ಒಗೆದದ್ದನ್ನು ತಾನೇ ವಾಪಸು ತೆಗೆದುಕೊಳ್ಳಬೇಕು, ಕಚ್ಚಿದರೆ ಕಚ್ಚಲಿ ಎಂದುಕೊಂಡು ಕನ್ನಡಿಯ ಮುಂದೆ ನಿಂತು ಮೆಲ್ಲಗೆ "ಕತ್ತೆ ನಾನು" ಎಂದ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಬೈದದ್ದು ಬೀದಿಯಲ್ಲಿ, ತಪ್ಪೊಪ್ಪಿದ್ದು ಕೋಣೆಯಲ್ಲಿ! ಅದು ಅವನಿಗೂ ಹೊಳೆಯಿತು. ಎಲ್ಲಿ ನಗೆ ಎದ್ದಿತೋ ಅಲ್ಲೇ, ಯಾರು ನಕ್ಕರೋ ಅವರೆದುರೇ ಹೇಳಬೇಕು. ಅವನು ಅಮಾವಾಸ್ಯೆಗಾಗಿ ಕಾದ. ಬದುಕಿನಲ್ಲಿ ಯಾವ ಹಬ್ಬಕ್ಕೂ ಅವನು ಹಾಗೆ ಕಾದಿರಲಿಲ್ಲ, ಹಾಗೆ ಹೆದರಿಯೂ ಇರಲಿಲ್ಲ.

ಅಮಾವಾಸ್ಯೆ ಬಂತು. ಸರೀಕರನ್ನು ಮನೆಮನೆಗೆ ಹೋಗಿ ಕೈಮುಗಿದು ಕರೆತಂದಿದ್ದ. ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಬೆಳ್ಳಗೆ ಉರಿಯುತ್ತಿತ್ತು. ನಿಂತ ಮಶೀನುಗಳ ಸಾಲಿಗೆ ಹೂವು ಏರಿಸಿದ್ದರು. ಒಂದು ನೊಣದ ಸದ್ದು ಕೂಡ ಇರಲಿಲ್ಲ. ತಟ್ಟೆ ಹಿಡಿದು ಗಾದಿಲಿಂಗಪ್ಪ ಕೆಲಸದವರ ಮುಂದೆ ನಿಂತ.

"ಮಾಬುಸಾಬ, ಗಲ್ಲಿನ ಮನುಷ್ಯ ನೀನಲ್ಲ. ನಾನು" ಎಂದ.

ಅಂದ ಕೂಡಲೇ ಸಾಹುಕಾರನ ಕುತ್ತಿಗೆಗೆ ಏನೋ ಬಿಗಿಯಿತು. ಕಣ್ಣು ಕತ್ತಲೆ ಬಂತು. ಮಾಬುಸಾಬ ಟವೆಲು ಕಿತ್ತೊಗೆದು ಉಸಿರೆಳೆದುಕೊಂಡ, ಮುಳುಗಿದವನು ಮೇಲೆ ಬಂದ ಹಾಗೆ. ತಟ್ಟೆಯಲ್ಲಿ ಗಲ್ಲಿನ ಮನುಷ್ಯ ಮತ್ತೆ ನೇತಾಡುತ್ತಿದ್ದ.

"ತಿಮ್ಮಕ್ಕ, ಹಂದಿ ನಾನು." ಅವನ ತಲೆ ತಾನಾಗಿ ನೆಲಕ್ಕೆ ಬಾಗಿತು. "ಎರ್ರಿಸ್ವಾಮಿ, ಕತ್ತಿ ನಾನಪ್ಪ." ಕಾಣದ ಹೊರೆಯೊಂದು ಧೊಪ್ಪನೆ ಬೆನ್ನ ಮೇಲೆ ಬಿದ್ದು, ಮೊಣಕಾಲೂರಿ ಕೂತುಬಿಟ್ಟ.

ಇನ್ನು ಉಳಿದದ್ದು ಒಂದೇ ಬಿಲ್ಲೆ. ಅದನ್ನು ಹೇಳಿದರೆ ಏನಾಗುತ್ತದೆಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಗ್ಗ ತಡೆದುಕೊಳ್ಳಬಹುದು, ಹೊರೆ ಹೊರಬಹುದು. ನಾಲಿಗೆ? ಆ ನಾಲಿಗೆಯಿಂದಲೇ ಅವನು ಸಂತೆಯಲ್ಲಿ ಗೆದ್ದಿದ್ದ, ಅದರಿಂದಲೇ ನಾಲ್ಕು ಜನರಲ್ಲಿ ದೊಡ್ಡವನಾಗಿದ್ದ. ನಾಲಿಗೆ ಹೋದ ಗಾದಿಲಿಂಗಪ್ಪ ಅಂದರೆ ಏನುಳಿಯಿತು? ತಲೆಯೆತ್ತಿ ಮಗಳನ್ನು ನೋಡಿದ. ಅವಳು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಹೇಳಲು ಹೆಣಗುತ್ತಿದ್ದಳು. ಟಕ್, ಟಕ್, ಟಕ್.

ಅದನ್ನು ಅವನಿಂದ ಕೇಳಲಾಗಲಿಲ್ಲ.

"ನೀಲವ್ವ, ನನ್ನ ಬಂಗಾರ, ನೀನು ಸ್ವತಂತ್ರ ಹುಟ್ಟಿದಾಕಿ. ಬೀಗ ಬೀಳಬೇಕಾದ ಬಾಯಿ ನಂದು."

ಟಕ್ ಎಂದಿತು. ಈ ಸಲ ಅವನ ಗಂಟಲಲ್ಲಿ.

"ಅಪ್ಪಾ!" ಎಂದು ನೀಲಾಂಬಿಕೆ ಚೀರಿದಳು. ಬೆನ್ನ ಹಿಂದೆ ಹೆಣೆದುಕೊಂಡಿದ್ದ ಕೈ ಬಿಚ್ಚಿ, ಓಡಿಬಂದು ತಬ್ಬಿಕೊಂಡಳು. ಎಷ್ಟು ದಿನವಾಗಿತ್ತು ಆ ದನಿ ಕೇಳಿ! ಅವನು ಉತ್ತರ ಕೊಡಲು ಬಾಯಿ ತೆರೆದ. ತುಟಿ ಅಲುಗಿತು. ಅಷ್ಟೇ.

ಸರೀಕರು ತಲೆ ಕೆಳಗೆ ಹಾಕಿ ನಿಂತಿದ್ದರು. ಮಾಬುಸಾಬ ಮುಂದೆ ಬಂದ. ಸಾಹುಕಾರನ ಕುತ್ತಿಗೆಯ ಕೆಂಪು ಗೆರೆಯ ಮೇಲೆ ಅಂಗೈ ಇಟ್ಟು, "ಹೋಗಲಿ ಬಿಡ್ರಿ, ಆತು" ಎಂದು ತಿಕ್ಕಿದ. ಗೆರೆ ಅಳಿಯಿತು. ಎರ್ರಿಸ್ವಾಮಿ ಎರಡೂ ರಟ್ಟೆ ಹಿಡಿದು ಎಬ್ಬಿಸಿದ, ಹೊರೆ ಇಳಿಯಿತು. ತಿಮ್ಮಕ್ಕ ತನ್ನ ಮಂಡಕ್ಕಿಯಲ್ಲಿ ಒಂದು ಹಿಡಿ ಅವನ ಬಾಯಿಗಿಟ್ಟು ತಾನೂ ಎಲ್ಲರೆದುರು ತಿಂದಳು. ಬೀಗವೊಂದನ್ನು ಮಾತ್ರ ಯಾರಿಂದಲೂ ತೆರೆಯಲಾಗಲಿಲ್ಲ. ನೀಲಾಂಬಿಕೆ ಎಷ್ಟು ಅತ್ತು ಬೇಡಿಕೊಂಡರೂ ತೆರೆಯಲಿಲ್ಲ. ಆಡಿದ ಮಾತು ಕೆಲವು ಹಿಂದಕ್ಕೆ ಬರುತ್ತವೆ, ಕೆಲವು ಬರುವುದಿಲ್ಲ. ಬರದಿದ್ದವಕ್ಕೆ ಆಡಿದವನೇ ತಲೆ ಕೊಡಬೇಕು.

ಕಾರ್ಖಾನೆ ನಡೆಯಿತು. ವ್ಯವಹಾರದ ಮಾತೆಲ್ಲ ಮಗಳದಾಯಿತು. ಗಾದಿಲಿಂಗಪ್ಪ ಬೆಳಿಗ್ಗೆ ಬಂದು ಪ್ರತಿಯೊಬ್ಬರಿಗೂ ಕೈಮುಗಿದು ತನ್ನ ಜಾಗದಲ್ಲಿ ಕೂರುತ್ತಿದ್ದ.

ಒಂದು ದಿನ ಹೊಸದಾಗಿ ಸೇರಿದ ಹೆಂಗಸೊಬ್ಬಳು ಗುಂಡಿ ಹಾಕುತ್ತ ಪಕ್ಕದವಳಿಗೆ, "ನಿಮ್ಮ ಮೂಗ ಸಾವ್ಕಾರ ಇವತ್ತು ಬರಲಿಲ್ಲೇನು?" ಎಂದು ಕಿಸಕ್ಕನೆ ನಕ್ಕಳು. ಸಾಹುಕಾರ ಬಾಗಿಲ ಹಿಂದೆಯೇ ಇದ್ದ. ಅವನ ಕಾಲು ಅಲ್ಲೇ ನಿಂತಿತು. ಹಿಂದೆ ತಾನು ಕೊಟ್ಟದ್ದು ಈಗ ತನಗೆ ಬರುತ್ತಿದೆ, ಬರಲಿ, ಎಂದು ಕಣ್ಣು ಮುಚ್ಚಿಕೊಂಡು ಉಳಿದವರ ನಗೆಗಾಗಿ ಕಾದ.

ಮಾಬುಸಾಬನ ಮಶೀನು ನಿಂತಿತು. ಆಮೇಲೆ ಒಂದೊಂದಾಗಿ ಎಲ್ಲ ಮಶೀನುಗಳೂ ನಿಂತವು. ತಿಮ್ಮಕ್ಕ ಕತ್ತರಿ ಕೆಳಗಿಟ್ಟಳು.

"ಏ ತಂಗಿ, ಇಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ಅವರಿಗೆ ಅವ್ವ ಅಪ್ಪ ಇಟ್ಟ ಹೆಸರೈತಿ. ಗಾದಿಲಿಂಗಪ್ಪ ಅಂತ. ಹಂಗ ಕರಿ."

ಬಾಗಿಲ ಹಿಂದೆ ಗಾದಿಲಿಂಗಪ್ಪ ಗೋಡೆಗೆ ಒರಗಿ ಕೂಸಿನ ಹಾಗೆ ಅತ್ತ. ದನಿಯಿಲ್ಲದ ಅಳು ಅದು, ಯಾರಿಗೂ ಕೇಳಿಸಲಿಲ್ಲ. ಒಳಗೆ ಮಶೀನುಗಳು ಮತ್ತೆ ಶುರುವಾದವು.

ನೀತಿ: ದೊಡ್ಡವರನ್ನು ಅಣಕಿಸಲು ಚಿಕ್ಕವರಿಗೆ ಗುಂಡಿಗೆ ಬೇಕು. ಚಿಕ್ಕವರನ್ನು ಅಣಕಿಸಲು ದೊಡ್ಡವರಿಗೆ ಏನೂ ಬೇಕಾಗಿಲ್ಲ. ಅನ್ನ ಕೊಡುವ ಕೈಗೆ ಹೆಸರು ಕಿತ್ತುಕೊಳ್ಳುವ ಹಕ್ಕಿಲ್ಲ. ತಿರುಗಿ ಮಾತಾಡಲಾರದವರನ್ನು ನೋಡಿ ನಗಬೇಡಿ, ನಗುವವರ ನಡುವೆ ನಿಂತು ಹಲ್ಲೂ ಬಿಡಬೇಡಿ.